ಬೀಳದ ವಿಮಾನದ ಪಂಚನಾಮೆ

ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ನೀಲಕಂಠ ಕಲ್ಯಾಣಪ್ಪನ ಪೆಟ್ಟಿಗೆಯ ಮುಚ್ಚಳ ಎತ್ತಿದ. ಜೇಬಿನಲ್ಲಿ ಬ್ಲೇಡು, ನೂಲಿನ ಉಂಡೆ, ಎಲೆಯಲ್ಲಿ ಸುತ್ತಿದ ಅಂಟು. ಉಳಿದವರೆಲ್ಲ ಕಮಲಾಪುರದ ಬಸ್ಸು ನಿಲ್ಲುವಲ್ಲಿ ಸುಸಲಾ ತಿನ್ನಲು ಹೋಗಿದ್ದರು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಇವನೊಬ್ಬ ಧರ್ಮಶಾಲೆಯಲ್ಲಿ ಉಳಿದಿದ್ದ. ಅದು ಪೂರ್ತಿ ಸುಳ್ಳೇನಲ್ಲ. ಹೊಟ್ಟೆಯಲ್ಲಿ ಕಿಚ್ಚಿತ್ತು.

ಇವತ್ತು ಕಲ್ಯಾಣಪ್ಪನ ಬಾಯಿ ಬಂದ್ ಎಂದುಕೊಂಡು ಒಳಗಿದ್ದ ಬಿದಿರಿನ ವಿಮಾನದ ಬಾಲದ ಕಡ್ಡಿಗೆ ಬ್ಲೇಡು ಹಚ್ಚಿದ.

ನಿಜಾಮನ ಮೇಲೆ ನಡೆದ ಪೊಲೀಸ್ ಆ್ಯಕ್ಷನ್ ದಿನಗಳಲ್ಲಿ ತಲೆಯ ಮೇಲೆ ವಿಮಾನ ಗುಡುಗಿದರೆ ಮಂಚದ ಕೆಳಗೆ ತೂರುತ್ತಿದ್ದ ಗುಲಬರ್ಗೆಯ ಗಂಡಸರೇ ಈಗ, ಎರಡು ವರ್ಷದಿಂದ, ಕೂತು ವಿಮಾನ ಕಟ್ಟುತ್ತಿದ್ದರು. ಬಿದಿರಿನ ಸೀಳು, ಪತಂಗದ ಕಾಗದ, ಹಮೀದನ ಸೈಕಲ್ ಅಂಗಡಿಯ ಹಳೇ ಟ್ಯೂಬಿನ ರಬ್ಬರು. ರಬ್ಬರನ್ನು ಹುರಿ ಹಾಕಿ ಬಿಟ್ಟರೆ ಮೂಗಿನ ಪಂಕ ತಿರುಗಿ ವಿಮಾನ ಏಳುತ್ತಿತ್ತು. ಭಾನುವಾರ ಬಂತೆಂದರೆ ಪೆಟ್ಟಿಗೆಗಳು ಬಸ್ಸಿನ ತಲೆಯೇರಿ ಕಮಲಾಪುರದ ಬಯಲಿಗೆ ಹೊರಡುತ್ತಿದ್ದವು.

ಗುಂಪಿನ ಕಾನೂನು ಒಂದೇ. ಯಾರ ವಿಮಾನ ಬಿತ್ತೋ ಅವನು ಅದರ ಮಣ್ಣು ಒರೆಸುವ ಮೊದಲೇ ಅಲ್ಲೇ ನಿಂತು ಅದು ಹೇಗೆ ಬಿತ್ತೆಂಬ ಪಂಚನಾಮೆ ಓದಬೇಕು, ಅದೂ ಕಚೇರಿಯ ಭಾಷೆಯಲ್ಲಿ. ಬೀಳದ ವಿಮಾನಕ್ಕೆ ಪಂಚನಾಮೆಯಿಲ್ಲ.

ನೀಲಕಂಠ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಅವನ ವಿಮಾನ ಒಮ್ಮೆಯೂ ಬಿದ್ದದ್ದಿಲ್ಲ. ಹಾರಿ, ಸುತ್ತಿ, ಕೊಕ್ಕರೆಯಂತೆ ಇಳಿಯುತ್ತಿತ್ತು. ಯಾರಾದರೊಬ್ಬರು ಶಾಭಾಷ್ ಎಂದರೆ ಹೆಚ್ಚು. ಬಟ್ಟೆ ಅಂಗಡಿಯ ಕಲ್ಯಾಣಪ್ಪನದು ವಾರ ತಪ್ಪದೆ ಬಾಲ ಕಳಚಿಕೊಂಡು ಬೀಳುತ್ತಿತ್ತು. ಆಗ ಅವನು ಬೇವಿನ ಮರದ ಹಿಂದೆ ಹೋಗುವನು. ಐದೇ ನಿಮಿಷಕ್ಕೆ ಮಸಿಯಲ್ಲಿ ಬರೆದ ಎರಡು ಪುಟ ಹಿಡಿದು ಬರುವನು. ತಡವರಿಸಿ ತಡವರಿಸಿ ಓದಿದರೂ ಜನ ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದರು.

ಅದನ್ನೂ ನೀಲಕಂಠ ಸಹಿಸಿಯಾನು. ಮನೆಯಲ್ಲಿ ನಡೆಯುತ್ತಿದ್ದುದನ್ನು ಹೇಗೆ ಸಹಿಸುವುದು?

"ಕಲ್ಯಾಣಪ್ಪಣ್ಣಾವ್ರು ಇವತ್ತ ಏನಂತ ಓದಿದ್ರೀ?" ಎಂದು ಸಂಜೆ ಹೆಂಡತಿ ಸಾವಿತ್ರಿಬಾಯಿ ಕೇಳಲೇಬೇಕು. ಬಯಲಲ್ಲಿ ಉರಿಯುತ್ತಲೇ ಕೇಳಿದ್ದರಿಂದ ಇವನಿಗೆ ಅಕ್ಷರಕ್ಷರವೂ ಬಾಯಿಪಾಠ, ಒಪ್ಪಿಸುತ್ತಿದ್ದ. "ಸದರಿ ವಿಮಾನವು ಹನ್ನೆರಡು ಮೊಳ ಎತ್ತರದಲ್ಲಿ ತನ್ನ ಬಾಲದೊಂದಿಗೆ ಜಗಳವಾಡಿ, ಬಾಲವು ಮುನಿಸಿಕೊಂಡು ತವರಿಗೆ ಹೋದ ಕಾರಣ, ಹಂಚಿನಿಂದ ಜಾರಿದ ರೊಟ್ಟಿಯಂತೆ ಬೋರಲಾಗಿ ಬಿದ್ದಿದೆ. ವಿಚಾರಿಸಲಾಗಿ, ಆ ಹೊತ್ತಿಗೆ ತಾನು ಊರಲ್ಲೇ ಇರಲಿಲ್ಲವೆಂದು ಗಾಳಿಯು ಹೇಳಿಕೆ ಕೊಟ್ಟಿದೆ."

ತವರಿನ ಮಾತು ಬರುವ ಮೊದಲೇ ಅವಳು ಸೆರಗು ಬಾಯಿಗೆ ಒತ್ತಿಕೊಂಡಿರುತ್ತಿದ್ದಳು. ತಹಶೀಲಿ ಕಚೇರಿ ಎದುರು ಅರ್ಜಿ ಬರೆದುಕೊಡುತ್ತಿದ್ದವರ ಮಗಳು. ಪಂಚನಾಮೆ ಕೇಳಿಯೇ ಬೆಳೆದವಳು, ನಗದೆ ಏನು ಮಾಡಿಯಾಳು ಎಂದು ನೀಲಕಂಠ ಸಮಾಧಾನ ಮಾಡಿಕೊಳ್ಳುತ್ತಿದ್ದ. ಆದರೆ ಹತ್ತು ವರ್ಷದ ಸಂಸಾರದಲ್ಲಿ ತನ್ನ ಒಂದು ಮಾತಿಗೂ ಅವಳು ಹಾಗೆ ನಕ್ಕಿರಲಿಲ್ಲ. ಆ ನಗು ಅವನಿಗೆ ಬೇಕಿತ್ತು. ಬೇಸರ ಮರೆಯಲು ಚಿತ್ರಕ್ಕೆ ಕೂತರೆ ಮಸಿಕುಡಿಕೆ ಆಗಲೇ ಬರಿದಾಗಿರುತ್ತಿತ್ತು. ಸಾಲದ್ದಕ್ಕೆ ಕಲ್ಯಾಣಪ್ಪನ ಹೆಂಡತಿ ಬಂಡೆಮ್ಮ ಪ್ರತಿ ಶನಿವಾರ ಹೆಪ್ಪು ಕೇಳಲು ಬಂದು ತಾಸುಗಟ್ಟಲೆ ಕೂರುತ್ತಿದ್ದಳು. ತನ್ನ ಮನೆಯ ಹೆಪ್ಪೂ ಆ ಮನೆಗೇ, ನಗುವೂ ಆ ಮನೆಗೇ ಎಂದು ಇವನು ಹಲ್ಲು ಕಡಿಯುತ್ತಿದ್ದ.

ಅವತ್ತು ಬಯಲಲ್ಲಿ ಕಲ್ಯಾಣಪ್ಪ ರಬ್ಬರು ಹುರಿ ಹಾಕಿದ.

ವಿಮಾನ ಎದ್ದಿತು. ಹನ್ನೆರಡು ಮೊಳ ದಾಟಿತು. ಬೇವಿನ ಮರ ಸುತ್ತಿ ಬಂದು ಹಮೀದನ ಕಾಲ ಬಳಿ ಮೆತ್ತಗೆ ಇಳಿಯಿತು.

ಯಾರೂ ನಗಲಿಲ್ಲ. ಬೆಳಿಗ್ಗೆ ನೀಲಕಂಠ ಲಡ್ಡಾಗಿದ್ದ ಹಳೇ ಕಡ್ಡಿಯನ್ನು ಕೊಯ್ದು ತೆಗೆದು, ಹೊಸ ಬಿದಿರು ಕೂರಿಸಿ, ನೂಲು ಸುತ್ತಿ ಅಂಟು ಬಳಿದಿದ್ದ. ಬೀಳಿಸಲಿಕ್ಕಲ್ಲ, ಬೀಳದಂತೆ ಮಾಡಲಿಕ್ಕೆ. ಶತ್ರುವಿನ ವಿಮಾನವನ್ನು ಇಷ್ಟು ಶ್ರದ್ಧೆಯಿಂದ ರಿಪೇರಿ ಮಾಡಿದವರು ನಿಜಾಮನ ರಾಜ್ಯದಲ್ಲೇ ಇರಲಿಕ್ಕಿಲ್ಲ.

"ಹಾರಿತಲ್ಲ ಸೇಠ್, ಖುಷಿ ಆಗ್ಲಿಲ್ಲೇನು?" ಎಂದ ಹಮೀದ್.

ಕಲ್ಯಾಣಪ್ಪ ಜುಬ್ಬಾದ ಜೇಬಿಗೆ ಕೈ ಹಾಕಿ, ಬರಿಗೈ ಹೊರತೆಗೆದ. ಮುಖ ಬಿಳಿಚಿತ್ತು. "ಖುಷಿ ಇರ್ಲಿ ಬಿಡೋ. ಮನಿಗಿ ಹೋಗಿ ಏನ್ ಹೇಳ್ಲಿ?"

ನೀಲಕಂಠನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಹೆಂಡತಿಯನ್ನು ನಗಿಸಲು ತಾನೇ ಹೇಳಬಹುದಾದ ನಾಲ್ಕು ಮಾತು ಹುಡುಕಿದ. ಒಂದೂ ಸಿಗಲಿಲ್ಲ.

ಸಂಜೆ ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತ. ಸಾವಿತ್ರಿಬಾಯಿ ಚಹಾ ತಂದಿಟ್ಟು, ಎಂದಿನಂತೆ ಹೊಸ್ತಿಲ ಮೇಲೆ ಕೂತು ಅದನ್ನೇ ಕೇಳಿದಳು.

"ಇವತ್ತ ಪಂಚನಾಮೆ ಇಲ್ಲ. ಕಲ್ಯಾಣಪ್ಪಂದು ಬೀಳ್ಲೇ ಇಲ್ಲ," ಎಂದ ನೀಲಕಂಠ, ಆದಷ್ಟು ಸಪ್ಪೆಯಾಗಿ.

ಅವಳ ಮುಖ ಇಳಿದುಹೋಯಿತು. "ಅಯ್ಯ, ಬೀಳ್ಲಿಲ್ಲೇನ್ರೀ? ಈ ಸಲದ್ದು ಭಾಳ ಛಂದ ಬಂದಿತ್ತು. ನಿನ್ನಿ ಬಂಡೆಮ್ಮನ ಕೈಯಾಗ ಹೆಪ್ಪಿನ ಜೋಡಿ ಕೊಟ್ಟು ಕಳಿಸಿದ್ದೆ."

ಚಹಾದ ಬಟ್ಟಲು ನೀಲಕಂಠನ ಕೈಯಲ್ಲೇ ನಿಂತಿತು. ಅವಳ ಹೆಬ್ಬೆರಳಿಗೆ ಮೆತ್ತಿದ ಮಸಿಯನ್ನು ಅವನು ಎರಡು ವರ್ಷದಲ್ಲಿ ಮೊದಲ ಬಾರಿ ನೋಡಿದ.

"ನೀ ಬರೀತಿದ್ದೇನು? ಅವನಿಗಿ?"

ಅವಳು ಎದ್ದು ಟ್ರಂಕಿನ ತಳದಿಂದ ಹಳದಿಗಟ್ಟಿದ ಎರಡು ಪುಟ ತಂದು ಅವನ ಮಡಿಲಲ್ಲಿಟ್ಟಳು. ಮೇಲುಗಡೆ ದಪ್ಪಕ್ಷರದಲ್ಲಿ ಅವನದೇ ಹೆಸರಿತ್ತು.

"ಮೊದಲ್ನೇದು ನಿಮಗಂತೇ ಬರದಿದ್ದೆ. ಎರಡು ವರ್ಷ ಕಾದೆ, ನಿಮ್ಮ ವಿಮಾನ ಒಂದ್ ಸರ್ತಿನೂ ಬೀಳ್ಲಿಲ್ಲಲ್ರೀ."