ಹಳೆಯ ಎಂಜಿನ್ ನಿಂತ ಕಾರಣ

"ಹೊಸ ಎಂಜಿನ್ ಹಾಕಿದೀವಿ ಸರ್. ವಾರಂಟಿ ಇತ್ತಲ್ಲ, ಒಂದು ಪೈಸೆ ಕೊಡಬೇಕಾಗಿಲ್ಲ," ಎಂದು ಸರ್ವಿಸ್ ಸೆಂಟರಿನವನು ಗಂಡನ ಕೈಗೆ ಕೀಲಿ ಕೊಟ್ಟ.

"ಹಳೇದು ಯಾಕೆ ನಿಂತುಹೋಯ್ತು?" ಎಂದು ಹೆಂಡತಿ ಕೇಳಿದಳು. ಏರುರಸ್ತೆಯಲ್ಲಿ, ಹಿಂದೆಯೇ ಲಾರಿ ಬರುತ್ತಿದ್ದಾಗ ಅದು ನಿಂತಿತ್ತು. ಪುಟ್ಟ ಮಗಳೂ ಕಾರಿನಲ್ಲಿದ್ದಳು.

"ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸ್ತೀಯಲ್ಲೇ," ಎಂದ ಗಂಡ.

"ಅದನ್ನ ನಾವು ಬಿಚ್ಚೋಹಾಗಿಲ್ಲ ಮೇಡಂ. ಹಾಗೇ ಕಂಪನಿಗೆ ಕಳಿಸಿದ್ವಿ."

"ಕಾರಣ ಗೊತ್ತಾದ್ರೆ ನಮಗೆ ಹೇಳ್ತಾರಾ?"

"ನಮಗೇ ಹೇಳಲ್ಲ."

"ಮತ್ತೆ ಇದೂ ನಡುರಸ್ತೇಲಿ ನಿಂತ್ರೆ?"

"ಹೆದರಬೇಡಿ, ಇದಕ್ಕೂ ವಾರಂಟಿ ಇದೆ." ಅವನು ಮನಸಾರೆ ಸಮಾಧಾನ ಹೇಳುತ್ತಿದ್ದ.

ಅಷ್ಟರಲ್ಲಿ ಮಗಳು ಕಾರು ಹತ್ತಿ ಕೂತು, "ಅಮ್ಮಾ, ಫಳಫಳ ಅನ್ನೋಹಾಗೆ ತೊಳೆದಿದಾರೆ, ಬಾ," ಎಂದು ಕರೆದಳು. ಅಮ್ಮ ಮುಂದಿನ ಸೀಟು ಬಿಟ್ಟು, ಹಿಂದೆ ಮಗಳ ಪಕ್ಕ ಹೋಗಿ ಕೂತಳು.