ಸೌಟು ತಾಗದ ಪಾಕ

"ಅತ್ತೆ, ಸೌಟು ಹಾಕೂದು ಬ್ಯಾಡ" ಎಂದು ಸೊಸೆ ಶೈಲಾ ಹೇಳಿದ್ದೇ ತಡ, ಮಂಜಿಯ ಕೈ ಕುದಿಯುವ ಸಕ್ಕರೆ ಪಾಕದ ಮೇಲೆ ಹಾಗೇ ನಿಂತುಬಿಟ್ಟಿತು. ಹೊಳನಗದ್ದೆಯ ಆ ಅಡುಗೆಮನೆಯಲ್ಲಿ ಮಂಜಿಯ ಸೌಟಿಗೆ ಅಡ್ಡ ಬಂದವರು ಇದುವರೆಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ಪಾತ್ರೆ ಕಂಡರೆ ಸೌಟಾಡಿಸದೆ ಮುಂದೆ ಹೋಗುವ ಜೀವವೇ ಅಲ್ಲ ಅದು.

"ಎಂತಕ್ಕೆ? ನಾ ಪಾಕ ಕಾಣದವಳಾ?"

"ಸಕ್ಕರೆ ಕರಗಿದ ಮೇಲೆ ಕಲಕಿದ್ರೆ, ತಣಿದಾಗ ಮತ್ತೆ ಹರಳುಗಟ್ತದೆ ಅತ್ತೆ." ಶೈಲಾ ದನಿ ಏರಿಸಲಿಲ್ಲ. ಬಾಳೆಎಲೆಯ ಚೂರನ್ನು ನೀರಿಗೆ ಅದ್ದಿ, ಪಾತ್ರೆಯ ಅಂಚಿಗೆ ಅಂಟಿದ ಸಕ್ಕರೆಯನ್ನು ಮಗುವಿನ ಬಾಯಿ ಒರೆಸಿದಷ್ಟು ಮೆಲ್ಲಗೆ ಒರೆಸಿದಳು. ನಾಲ್ಕು ಹನಿ ಲಿಂಬೆ ಹಿಂಡಿದಳು. ಪಾಕ ತನ್ನ ಪಾಡಿಗೆ ಕುದಿಯುತ್ತ ಪಾತ್ರೆಯ ತಳ ಕಾಣುವಷ್ಟು ತಿಳಿಯಾಯಿತು. ಮಂಜಿ ಕಣ್ಣು ಕೀಳದೆ ನೋಡಿದಳು. ಕಳೆದ ವರ್ಷದ ದೋಣಿ ಪೂಜೆಗೆ ಅವಳೇ ತಿರುವಿ ತಿರುವಿ ಕಾಸಿದ ಪಾಕ ಬಾಟಲಿಯ ತಳದಲ್ಲಿ ಕಲ್ಲಾಗಿ, ಬಂದವರೆಲ್ಲ ಸಿಹಿ ಸಾಲದ ಮುರುಗಲು ಹಣ್ಣಿನ ಶರಬತ್ತು ಕುಡಿದು ಮುಖ ಹುಳ್ಳಗೆ ಮಾಡಿಕೊಂಡಿದ್ದರು. ಅವತ್ತು ಅವಳು ಬೈದದ್ದು ಅಂಗಡಿಯವನ ಸಕ್ಕರೆಗೆ. ನಾಳೆ ಮತ್ತೆ ಪೂಜೆ.

ಅಷ್ಟರಲ್ಲಿ ಪಕ್ಕದ ಮನೆಯ ಕಮಲಿ ಒಳಗೆ ಬಂದಳು. "ಪಾಕ ಆತೇನೇ? ಕೊಡು, ಒಂದು ಸಲ ತಿರುವಿ ನೋಡ್ತೆ" ಎಂದು ಮಂಜಿಯ ಕೈಯಲ್ಲಿದ್ದ ಸೌಟಿಗೆ ಕೈ ಚಾಚಿದಳು.

ಮಂಜಿ ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ದೂರ ನಿಂತು ನೋಡೇ. ಅದು ನಮ್ಮ ಶೈಲಾನ ಪಾಕ."