ನಲವತ್ತನೇ ಫ್ಲಾಸ್ಕು

ಮಗ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಆಕೆ ಅವನ ಜೀವಕೋಶಗಳನ್ನು ನಮ್ಮ ಸಂಶೋಧನೆಗೆ ಕೊಟ್ಟಿದ್ದರು. ಪ್ರತಿವರ್ಷ ಅವನು ಹುಟ್ಟಿದ ದಿನ ಪ್ರಯೋಗಾಲಯಕ್ಕೆ ಬರುತ್ತಿದ್ದರು. ಒಳಗೆ ತಿಂಡಿ ತರುವಂತಿಲ್ಲವಾದ್ದರಿಂದ ಕೋಡುಬಳೆಯ ಡಬ್ಬಿಯನ್ನು ಚಪ್ಪಲಿಯ ಪಕ್ಕ ಇಟ್ಟು ಬಂದು, ಜೀವಕೋಶ ಬೆಳೆಸುವ ಫ್ಲಾಸ್ಕನ್ನು ನಾನು ಸೂಕ್ಷ್ಮದರ್ಶಕದಡಿ ಇಟ್ಟರೆ ಅದಕ್ಕೆ ಕಣ್ಣು ಹಚ್ಚುತ್ತಿದ್ದರು.

"ಇನ್ನೂ ಬೆಳೀತಿದಾನಾ?"

"ಬೆಳೀತಿದಾನೆ ಅಮ್ಮಾ."

ಈ ವರ್ಷ ಜರ್ಮನಿಯ ವಿಜ್ಞಾನಿಗಳು, ಇಲ್ಲಿನ ಒಂದು ಔಷಧ ಕಂಪನಿ ಮತ್ತು ನಾವು ಸೇರಿ ಮಾಡಿದ ಔಷಧ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಗೆದ್ದಿತು. ಜೀವಕೋಶ ಕೊಟ್ಟ ತಾಯಿಗೆ ಸನ್ಮಾನ ಮಾಡೋಣ ಎಂದರು ಕಂಪನಿಯವರು. ಈ ಸಲ ಆಕೆ ಬಂದಾಗ ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ.

"ಅಮ್ಮಾ, ನಿಮ್ಮ ಮಗನ ಜೀವಕೋಶಗಳು ಮೊದಲನೇ ವರ್ಷವೇ ಸತ್ತುಹೋದವು. ಹೇಳೋಕೆ ಬಾಯಿ ಬರಲಿಲ್ಲ. ಆಮೇಲೆ ತೋರಿಸಿದ್ದೆಲ್ಲ ಬೇರೆ ಹುಡುಗಂದು. ಔಷಧ ಬಂದಿದ್ದೂ ಅವನಿಂದಲೇ."

ಆಕೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಕಣಮ್ಮಾ. ನಾನು ಸಹಿ ಹಾಕಿದ ಕಾಗದದಲ್ಲಿ ನನ್ನ ಮಗನ ನಂಬರು ಮೂವತ್ತೊಂದು ಅಂತಿತ್ತು. ಈ ಫ್ಲಾಸ್ಕಿನ ಮೇಲೆ ನಲವತ್ತು ಅಂತಿದೆ."

"ಗೊತ್ತಿದ್ದೂ ಯಾಕಮ್ಮಾ ಬರ್ತಿದ್ರಿ?"

"ಇವನಮ್ಮ ಒಂದು ಸಲಾನೂ ಬರಲಿಲ್ವಲ್ಲ."